ರಂಗಿಯ ಮೈಗೆ ಹಚ್ಚಿದ ಔಷಧಿ

ಕುಪ್ಪಗಡ್ಡೆಯ ಸಣ್ಣಬೀರಪ್ಪನಿಗೆ ಸ್ವಂತದ್ದು ಅಂತ ಇರುವ ಗದ್ದೆ ಅಷ್ಟಕ್ಕಷ್ಟೇ. ಊರವರ ಗದ್ದೆಗೆ ಔಷಧಿ ಹೊಡೆಯುವುದೇ ಅವನ ಕಸುಬು. ಬೆನ್ನಿಗೆ ಕ್ಯಾನು, ಮೂಗಿಗೆ ಟವೆಲ್ಲು, ಬಾಯಲ್ಲಿ ಮಾತಿಲ್ಲ. ಕೆಲಸ ಮುಗಿದ ಮೇಲೆ ಕ್ಯಾನಿನ ತಳದಲ್ಲಿ ಉಳಿದದ್ದನ್ನು ಅವನು ಚೆಲ್ಲುತ್ತಿರಲಿಲ್ಲ. ಮನೆಗೆ ತಂದು, ಚಿಂದಿ ಬಟ್ಟೆ ಅದ್ದಿ, ಎತ್ತುಗಳ ಕತ್ತಿನ ಕೆಳಗೆ, ಬಾಲದ ಬುಡಕ್ಕೆ ಒರೆಸುತ್ತಿದ್ದ. ರಕ್ತ ಹೀರುವ ಉಣುಗು ಪಟಪಟ ಉದುರುತ್ತಿದ್ದವು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಕೇರಿಯವರೂ ಹಾಗೇ ಮಾಡುತ್ತಿದ್ದರು. ಎತ್ತುಗಳಿಗೆ ಏನಾದರೂ ಆದದ್ದನ್ನು ಯಾರೂ ಕಂಡಿರಲಿಲ್ಲ.

ರಂಗಿ ಅವನ ನಾಯಿ. ಹೆಂಡತಿ ಗುಡ್ಡಮ್ಮ ತವರೂರು ತೊಗರ್ಸಿಯಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದ ಮರಿ. ಈ ಸಲ ಮಳೆ ಹಿಂದೆ ಸರಿದ ಮೇಲೆ ಅದರ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಕಚ್ಚಿಕೊಂಡವು. ಕೆರೆದು ಕೆರೆದು ಬೆನ್ನೆಲ್ಲ ಗಾಯವಾಯಿತು.

"ನೋಡಕ್ಕಾಗಲ್ರೀ, ಏನಾರ ಮಾಡ್ರಿ ಅದಕ್ಕೆ," ಎಂದು ಗುಡ್ಡಮ್ಮ ದಿನಾ ಹೇಳುತ್ತಿದ್ದಳು.

ಆವತ್ತು ಅವನು ಸದಾಶಿವಪ್ಪನ ಗದ್ದೆಗೆ ಔಷಧಿ ಹೊಡೆದು ಬೇಗ ಬಂದ. ಉಳಿದ ಔಷಧಿ ನೀರು ನೀರಾಗಿ ಕಂಡಿತು. ಕೊಟ್ಟಿಗೆಯಲ್ಲಿದ್ದ ಔಷಧಿ ಬಾಟಲಿಯಿಂದ ಇನ್ನೊಂದಿಷ್ಟು ಸುರಿದು ಗಟ್ಟಿ ಮಾಡಿದ. ರಂಗಿಯನ್ನು ಕಾಲ ನಡುವೆ ಹಿಡಿದು ಮೈಗೆಲ್ಲ ತಿಕ್ಕಿದ. ಗಾಯಕ್ಕೂ ತಿಕ್ಕಿದ. ಅದು ಕುಂಯ್ ಎಂದರೂ ಕಚ್ಚಲಿಲ್ಲ. ಅವನು ಕೈ ತೊಳೆದು ಉಣ್ಣಲು ಕೂತ. ಅದು ಅಂಗಳದಲ್ಲಿ ಮೈ ನೆಕ್ಕಿಕೊಳ್ಳುತ್ತ ಕೂತಿತು.

ಉಂಡು ಹೊರಗೆ ಬಂದಾಗ ರಂಗಿ ನೆಲದ ಮೇಲಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನಾಲ್ಕು ಕಾಲೂ ನಡುಗುತ್ತಿದ್ದವು.

ಪಕ್ಕದ ಮನೆಯ ಖುರ್ಷೀದ್ ಬೀಯ ಕೋಳಿಯನ್ನು ರಂಗಿ ಮೊನ್ನೆಯಷ್ಟೇ ಹಿಡಿದಿತ್ತು. "ಇನ್ನೊಂದ್ಸಲ ಬರ್ಲಿ, ಅನ್ನದಲ್ಲಿ ಏನಾದ್ರೂ ಕಲಸಿ ಇಡ್ತೀನಿ," ಎಂದು ಆಕೆ ಸಿಟ್ಟಿನಲ್ಲಿ ಅಂದಿದ್ದಳು. ಗುಡ್ಡಮ್ಮನಿಗೆ ಅದೇ ನೆನಪಾಯಿತು. ಬೀದಿಗೆ ಓಡಿ ಬಾಯಿ ಮಾಡಿದಳು.

"ಒಂದು ಕೋಳಿಗೆ ನನ್ನ ರಂಗಿ ಜೀವ ಬೇಕಾಯ್ತೇನೇ ನಿನಗೆ? ವಿಷ ಹಾಕಿದ ಕೈಗೆ ಹುಳ ಬೀಳ್ಲಿ."

ತಾನು ಹಚ್ಚಿದ್ದರಿಂದಲೇ ಹೀಗಾದದ್ದು ಅಂತ ಸಣ್ಣಬೀರಪ್ಪನಿಗೆ ಗೊತ್ತಾಗಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಜಗಲಿ ಜಗಲಿಯಲ್ಲಿ ಜನ ಎದ್ದು ನಿಂತಿದ್ದರು. ಬಾಯಿ ಮುಚ್ಚಿಕೊಂಡ.

ಖುರ್ಷೀದ್ ಬೀ ಒಳಗಿಂದ ನಾಯಿಗೆ ಸುತ್ತಲು ಒಂದು ಹಳೆಯ ಚಾದರ ತಂದು ಗುಡ್ಡಮ್ಮನ ಮುಂದೆ ಹಾಕಿದಳು. ಆಕೆಯ ಮಗ ಮುಬಾರಕ್ ತನ್ನ ಲಗೇಜ್ ಆಟೋ ತಿರುಗಿಸಿದ. "ಅತ್ತೆ, ಬೈಯೋದು ಬಂದ್ಮೇಲೆ ಬೈಯಿ. ಈಗ ಹತ್ತು," ಅಂದ.

ಗುಡ್ಡಮ್ಮ ಹಿಂದೆ ನಾಯಿಯ ಜೊತೆ ಕೂತಳು. ಸಣ್ಣಬೀರಪ್ಪ ಮುಂದೆ ಕೂತ. ಸೊರಬದ ದಾರಿ ಉದ್ದಕ್ಕೂ ತನ್ನ ಕೈಯ ವಾಸನೆ ಅವನ ಮೂಗಿಗೆ ಬಡಿಯುತ್ತಿತ್ತು.

"ನಮ್ಮಮ್ಮ ಹಂಗೆಲ್ಲ ಮಾಡೋಳಲ್ಲ ಮಾವ. ಬಾಯಿ ಜೋರು, ಅಷ್ಟೇ," ಅಂದ ಮುಬಾರಕ್.

"ಹೂಂ," ಅಂದ ಸಣ್ಣಬೀರಪ್ಪ. ಕೈಯನ್ನು ತೊಡೆಗೆ ಒರೆಸಿಕೊಂಡ.

ದನದ ಆಸ್ಪತ್ರೆಯಲ್ಲಿ ಡಾಕ್ಟರು ಶಾಲಿನಿ ರಂಗಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು.

"ಏನು ತಿಂದಿದೆ?"

"ಅನ್ನದಾಗೆ ವಿಷ ಇಟ್ಟಾರ್ರೀ," ಅಂದಳು ಗುಡ್ಡಮ್ಮ.

"ಯಾವ ವಿಷ? ಇಲಿ ಪಾಷಾಣನಾ, ಬೇರೆನಾ? ಒಂದೊಂದಕ್ಕೆ ಒಂದೊಂದು ಥರ ನೋಡ್ಬೇಕಮ್ಮ. ಸುಮ್ನೆ ಅಂದಾಜಲ್ಲಿ ಮಾಡಿದ್ರೆ ಉಳಿಯಲ್ಲ ಇದು."

ಮುಬಾರಕ್ ತಲೆ ತಗ್ಗಿಸಿ ನಿಂತಿದ್ದ. ರಂಗಿಯ ಪಕ್ಕೆ ಏರಿ ಇಳಿಯುವುದು ನಿಧಾನವಾಗುತ್ತಿತ್ತು.

"ತಿಂದಿದ್ದಲ್ಲ," ಅಂದ ಸಣ್ಣಬೀರಪ್ಪ. "ನಾನು ಹಚ್ಚಿದ್ದು. ಉಣುಗಿಗೆ ಅಂತ. ಗದ್ದೆಗೆ ಹೊಡೆಯೋ ಔಷಧಿ."

ನಾಯಿಯ ತಲೆ ಸವರುತ್ತಿದ್ದ ಗುಡ್ಡಮ್ಮನ ಕೈ ನಿಂತಿತು.

"ಹೆಸರೇನು ಅದರದ್ದು?"

"ಓದಕ್ಕೆ ಬರಲ್ಲ ಮೇಡಮ್ಮೋರೆ. ಹಸಿರು ಮುಚ್ಚಳ ಐತಿ. ಕೊಟ್ಟಿಗೆ ಗೂಡಲ್ಲಿ ಇಟ್ಟೀನಿ."

ಡಾಕ್ಟರು ಆಗಲೇ ಸೂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರು. ಮುಬಾರಕ್ ತಾಯಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. "ಅಮ್ಮಾ, ಮಾವನ ಕೊಟ್ಟಿಗೆಗೆ ಹೋಗು. ಗೂಡಲ್ಲಿ ಹಸಿರು ಮುಚ್ಚಳದ ಬಾಟಲಿ ಐತಂತೆ. ಆಸ್ಮಾ ಹತ್ರ ಹೆಸರು ಓದಿಸು. ಬೇಗ."

ಖುರ್ಷೀದ್ ಬೀ ಓಡುವ ಚಪ್ಪಲಿಯ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಅವಳ ಮಗಳು ಆಸ್ಮಾ ಅಕ್ಷರ ಬಿಡಿಸಿ ಬಿಡಿಸಿ ಹೆಸರು ಓದಿದಳು. ಡಾಕ್ಟರು ತಲೆಯಾಡಿಸಿದರು.

"ಇದನ್ನ ನಾಯಿ ಮೈಗೆ ಹಚ್ಚಿದ್ರಾ?" ಖುರ್ಷೀದ್ ಬೀಯ ದನಿ ಕೇಳಿತು. ಫೋನ್ ಕಟ್ಟಾಯಿತು.

ಸೂಜಿ ಚುಚ್ಚಿದ ಮೇಲೆ ಡಾಕ್ಟರು ಕೈಗವಸು ಕೊಟ್ಟರು. "ಮೈಯೆಲ್ಲ ಸೋಪು ಹಾಕಿ ತೊಳೀರಿ ಯಜಮಾನ್ರೇ. ಮೈ ಮೇಲೆ ಇರೋವರೆಗೂ ಒಳಗೆ ಇಳೀತಾನೇ ಇರುತ್ತೆ. ಗಾಯ ಬೇರೆ ಇದೆ, ನೆಕ್ಕಿಕೊಂಡೂ ಇದೆ."

"ಎತ್ತಿಗೂ ಇದನ್ನೇ ಹಚ್ತೀವಿ," ಅಂದ ಅವನು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ಅದಕ್ಕೂ ಹಚ್ಚಬೇಡಿ. ಉಣುಗಿಗೆ ಬೇರೆನೇ ಔಷಧಿ ಇದೆ. ಬಂದು ಕೇಳಿದ್ರೆ ಆಗ್ತಿತ್ತಲ್ಲ."

ಮುಬಾರಕ್ ನೀರು ಹೊಯ್ದ. ಸಣ್ಣಬೀರಪ್ಪ ತಿಕ್ಕಿದ. ಆಗ ಔಷಧಿ ಹೇಗೆ ತಿಕ್ಕಿದ್ದನೋ ಹಾಗೇ, ಕಿವಿ, ಕತ್ತು, ಬೆರಳ ಸಂದಿ. ಈಗ ರಂಗಿ ಕುಂಯ್ ಅನ್ನಲೂ ಇಲ್ಲ. ನೊರೆಯ ಕೆಳಗೆ ಅದರ ಎದೆ ಬಡಿಯುವುದನ್ನು ಅಂಗೈಯಲ್ಲಿ ಹುಡುಕುತ್ತ ತೊಳೆದ. ಗುಡ್ಡಮ್ಮ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು.

ಸಂಜೆ ಬಿಸಿಲು ಇಳಿಯುವಾಗ ರಂಗಿ ತಲೆ ಎತ್ತಿತು. ಗುಡ್ಡಮ್ಮನ ಕೈಯಿಂದ ನೀರು ಕುಡಿಯಿತು. ಅವನು ಕೈ ಚಾಚಿದಾಗ ಮೂಸಿ ನೋಡಿ ಮುಖ ತಿರುಗಿಸಿತು.

ಆಟೋ ಕೇರಿಗೆ ಬಂದಾಗ ಇನ್ನೂ ಬೆಳಕಿತ್ತು. ಖುರ್ಷೀದ್ ಬೀ ಬಾಗಿಲಲ್ಲೇ ಇದ್ದಳು. ರಂಗಿಯನ್ನು ನೋಡಿದಳು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಬಾಟಲಿಯನ್ನು ಸಣ್ಣಬೀರಪ್ಪನ ಕೈಗೆ ಕೊಟ್ಟಳು.

"ತಗೋ ಬೀರಪ್ಪಣ್ಣ. ನಮ್ಮನೇಲಿ ಸಿಕ್ತು ಅಂದಾರು ಯಾರಾದ್ರೂ."

ಹೇಳಿ ಒಳಗೆ ಹೋದಳು. ಎದುರು ಜಗಲಿಯಿಂದ ಸದಾಶಿವಪ್ಪ ಕೇಳಿದ, "ಏನಯ್ಯಾ, ಯಾರು ಹಾಕಿದ್ದಂತೆ ವಿಷ?"

"ಯಾರೂ ಹಾಕಿಲ್ಲ. ನಾನೇ ಹಚ್ಚಿದ್ದು," ಅಂದ ಸಣ್ಣಬೀರಪ್ಪ.

ಒಳಗಿಂದ ಖುರ್ಷೀದ್ ಬೀಯ ದನಿ ಬಂತು. "ನನಗೆ ಕೇಳಿಸ್ಲಿಲ್ಲ ಬೀರಪ್ಪಣ್ಣ. ನಿನ್ ಹೆಂಡ್ತಿ ಅಂದಿದ್ದು ಕೆರೆ ಏರಿ ತನಕ ಕೇಳಿತ್ತು."

ಗುಡ್ಡಮ್ಮ ನಾಯಿಯನ್ನು ಎತ್ತಿಕೊಂಡು ಅಲ್ಲೇ ನಿಂತಳು. ಸಣ್ಣಬೀರಪ್ಪ ಕವರನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡ. ಹುಟ್ಟಿದಾಗಿನಿಂದ ಕೇರಿಯಲ್ಲಿ ಅವನು ಗಟ್ಟಿಯಾಗಿ ಮಾತಾಡಿದವನಲ್ಲ. ಗಂಟಲು ಸರಿಮಾಡಿಕೊಂಡು, ಕಡೆಯ ಮನೆಗೂ ಮುಟ್ಟುವ ಹಾಗೆ, ಅದೇ ಮಾತನ್ನು ಮತ್ತೆ ಹೇಳಿದ.