ಅಪ್ಪಯ್ಯನ ಮುಂದಿನ ಹಂಚಿನ ರಾಶಿ

ಕುಂದಾಪುರದ ಹೊಳೆಬದಿಯಲ್ಲಿದ್ದ ನಮ್ಮ ಹಂಚಿನ ಕಾರ್ಖಾನೆಯ ಆಡಳಿತ ಅಪ್ಪಯ್ಯನಿಂದ ನನಗೆ ಹಸ್ತಾಂತರವಾದದ್ದು ತೊಂಬತ್ತೆಂಟರಲ್ಲಿ. ಪಟ್ಟಾಭಿಷೇಕದ ವಿಧಿಗಳು ಚುಟುಕಾಗಿದ್ದವು: ಅವರಿಗೊಂದು ಶಾಲು, ಕೆಲಸದವರಿಗೆ ಗೋಳಿಬಜೆ, ಆಫೀಸಿನ ಬಾಗಿಲಿಗೆ ‘ಸಂಸ್ಥಾಪಕ ಅಧ್ಯಕ್ಷರು’ ಎಂಬ ಹೊಸ ಫಲಕ. ಅಧ್ಯಕ್ಷರು ಏನು ಮಾಡಬೇಕೆಂದು ಫಲಕದಲ್ಲಿ ಬರೆದಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಅಪ್ಪಯ್ಯನಿಗೆ ಪ್ರಿಯವಾದದ್ದು ಒಂದೇ ಕೆಲಸ. ಭಟ್ಟಿಯಿಂದ ಬಂದ ಹಂಚನ್ನು ಮೊಣಕಾಲ ಮೇಲಿಟ್ಟು ಬೆರಳಿನ ಗೆಣ್ಣಿನಿಂದ ಬಡಿಯುವುದು. ಟಣ್ ಎಂದರೆ ಬಲಕ್ಕೆ, ಲಾರಿಗೆ. ಡಬ್ ಎಂದರೆ ಒಳಗೆ ಬಿರುಕು, ಎಡಕ್ಕೆ. ಪ್ರತಿಯೊಂದನ್ನೂ ಅವರೇ ಬಡಿಯಬೇಕು. ಅಷ್ಟರಲ್ಲಿ ಬೈಂದೂರಿನ ಲಾರಿ ಹೊರಡುವುದು ಮಧ್ಯಾಹ್ನವಾಗುತ್ತಿತ್ತು. ಗಿರಾಕಿಗಳು ಬ್ರಹ್ಮಾವರದ ಕಾರ್ಖಾನೆಗಳತ್ತ ಮುಖ ಮಾಡುತ್ತಿದ್ದರು. ಹತ್ತಕ್ಕೊಂದು ಬಡಿದರೆ ಸಾಕು, ಅದನ್ನು ಕೆಲಸದವರೇ ಮಾಡಲಿ ಎಂದು ನಾನು ಸುಧಾರಣೆ ತಂದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಅಧ್ಯಕ್ಷರು ಶೆಡ್ಡಿಗೆ ಬಂದು ಎಂದಿನ ಮಣೆಯ ಮೇಲೆ ಕುಳಿತರು.

“ರಾಶಿ ಎಲ್ಲಿತ್ತ್?”

“ಅಪ್ಪಯ್ಯ, ನೀವ್ ಇನ್ ಆಫೀಸಲ್ ಕೂಕಣಿ.”

“ಆಫೀಸಲ್ ಎಂತ ಬಡಿಯೂದ್? ಮೇಜಾ?”

ಆಗ ನನಗೊಂದು ಉಪಾಯ ಹೊಳೆಯಿತು. ಉಪಾಯ ಎಂಬುದು ಅದಕ್ಕೆ ನಾನು ಅಂದು ಕೊಟ್ಟ ಹೆಸರು. ಮೂವತ್ತು ವರ್ಷದಿಂದ ನಮ್ಮಲ್ಲಿ ಹಂಚು ಹೊರುತ್ತಿದ್ದ ಹೆಂಗಸಿಗೆ ಅದನ್ನು ವಹಿಸಿದೆ. ಇನ್ನೂರು ಹಂಚು, ಅದರಲ್ಲಿ ಹದಿನೈದು ಬಿರುಕಿನವು. ಬೆಳಿಗ್ಗೆ ಅಪ್ಪಯ್ಯನ ಮುಂದೆ ಇಡಬೇಕು. ಅವರು ಆರಿಸಿ ಊಟಕ್ಕೆ ಹೋದ ಮೇಲೆ ಎಡಬಲ ಎರಡನ್ನೂ ಕಲಸಿ ಅದೇ ರಾಶಿಯನ್ನು ನಾಳೆಗೆ ಸಿದ್ಧ ಮಾಡಬೇಕು. ಅಸಲಿ ಮಾಲು ಹಿಂದಿನ ಬಾಗಿಲಿನಿಂದ ಲಾರಿ ಹತ್ತುತ್ತಿತ್ತು. ಹಿರಿಯರಿಗೆ ಗೌರವದ ಉದ್ಯೋಗ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಒಪ್ಪಿಕೊಂಡಿತು. ಎರಡು ವರ್ಷ ಹಾಗೆಯೇ ನಡೆಯಿತು.

ಒಂದು ಸಂಜೆ ಆ ಹೆಂಗಸು ಆಫೀಸಿನ ಬಾಗಿಲಲ್ಲಿ ನಿಂತಳು.

“ಸಣ್ಣ್ ಒಡೇರೆ, ಆ ರಾಶಿಯ ಮೂಲೆ ಹಾರಿದ್ ಹಂಚ್ ನಿನ್ನೆ ನನ್ ಕೈಜಾರಿ ಒಡ್ದ್ ಹೋಯ್ತ್.”

“ಹೋದ್ರ್ ಹೋಯ್ಲಿ.”

“ಹಾಂಗಲ್ಲ. ಇವತ್ ದೊಡ್ಡ್ ಒಡೇರ್ ಕೇಂಡ್ರ್, ಅದ್ ಎಂತಕ್ ಬರ್ಲಿಲ್ಲ, ಹುಷಾರಿಲ್ಯಾ ಅಂದೇಳಿ.”

ನಾನು ಪೆನ್ನು ಕೆಳಗಿಟ್ಟೆ. “ಅವ್ರಿಗ್ ಯಾವಾಗ ಗೊತ್ತಾಯ್ತ್?”

“ಮೂರ್ನೇ ದಿನಕ್ಕೇ. ನಿಮ್ಗ್ ಹೇಳೂದ್ ಬ್ಯಾಡ ಅಂದಿರ್. ಮಾಣಿ ಅಷ್ಟ್ ಕಷ್ಟಪಟ್ಟ್ ಮಾಡಿದ್, ಬೇಜಾರ್ ಮಾಡ್ಕಂತ ಅಂದ್ರ್.”

ಮಾಣಿಗೆ ಆಗ ನಲವತ್ತೆರಡು.

ಮರುದಿನ ಪ್ರಾಯಶ್ಚಿತ್ತದ ಹುಮ್ಮಸ್ಸಿನಲ್ಲಿ ಬೈಂದೂರಿಗೆ ಹೋಗಬೇಕಿದ್ದ ಅಸಲಿ ಮಾಲನ್ನೇ ಅಪ್ಪಯ್ಯನ ಮುಂದೆ ಇಡಿಸಿದೆ. ಮೊದಲ ಹಂಚು ಎತ್ತಿದರು. ಅದು ಇನ್ನೂ ಬೆಚ್ಚಗಿತ್ತು.

“ಇದ್ ಹೊಸ್ತಾ?”

“ಹ್ಞೂಂ.”

ಅಪ್ಪಯ್ಯ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕುಳಿತು ಬಡಿಯತೊಡಗಿದರು. ನೋಡುತ್ತಿದ್ದಂತೆ ಎಡಗಡೆಯ ಬಿರುಕಿನ ರಾಶಿ ಬೆಳೆಯಿತು. ನನ್ನ ಸುಧಾರಣೆಯ ಅಷ್ಟೂ ಫಲ ಅಲ್ಲಿತ್ತು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ನಾನು ಕೈಗಡಿಯಾರ ನೋಡಿದೆ. ಒಮ್ಮೆ ಮಾತ್ರ. ಅಪ್ಪಯ್ಯ ಅದನ್ನು ಕಂಡರು.

“ಲಾರಿ ಎಷ್ಟ್ ಗಂಟಿಗ್ ಹೊರಡ್ಕ್?”

“ಒಂಬತ್ತಕ್ಕೆ. ಅಡ್ಡಿಲ್ಲ, ನೀವ್ ಮಾಡಿ.”

ಮುಂದಿನ ಹಂಚು ಡಬ್ ಎಂದಿತು. ಅವರು ಅದನ್ನು ಬಲಕ್ಕಿಟ್ಟರು. ಅದರ ನಂತರದ್ದೂ ಡಬ್ ಎಂದಿತು; ಅದೂ ಬಲಕ್ಕೆ ಹೋಯಿತು. ಶೆಡ್ಡಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ಬೇಡ ಅಪ್ಪಯ್ಯ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಲಾರಿ ಸರಿಯಾಗಿ ಒಂಬತ್ತಕ್ಕೆ ಹೊರಟಿತು.

ಆಮೇಲೆ ಅಪ್ಪಯ್ಯ ಶೆಡ್ಡಿಗೆ ಬರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದರು.