ಐದನೇ ಗುಂಡಿ, ಆರನೇ ಗುಂಡಿ

ಯಾರ ಮನೆಗೆ ಹೋದರೂ ಊರ್ಮಿಳಾ ಮೊದಲು ಫ್ರಿಜ್ಜಿನ ಹತ್ತಿರ ಹೋಗುತ್ತಿದ್ದಳು. ಬಾಗಿಲು ತೆಗೆಯುವುದಕ್ಕಲ್ಲ, ಬಲಗೈಯ ಹಿಂಭಾಗವನ್ನು ಅದರ ಮೈಗೆ ಒಮ್ಮೆ ಸೋಕಿಸಿ ನೋಡುವುದಕ್ಕೆ. ಕರೆಂಟು ಸೋರುತ್ತಿದ್ದರೆ ಅಂಗೈ ಹಿಡಿದುಕೊಂಡುಬಿಡುತ್ತದೆ. ಹಿಂಗೈ ಹಾರಿ ದೂರ ಬರುತ್ತದೆ. ಚೆನ್ನೈ ಅಂಚಿನ ತಾಂಬರಂನ ನೆಂಟರಿಗೆಲ್ಲ ಇದು ಅಭ್ಯಾಸವಾಗಿಹೋಗಿತ್ತು.

"ಬಂದ್ಲಪಾ ಡಾಕ್ಟರಮ್ಮ. ಮನಿಷ್ಯಾರ್ದು ಬಿಟ್ಟು ಫ್ರಿಜ್ಜಿನ ನಾಡಿ ನೋಡ್ತಾಳ" ಎಂದು ನಗುತ್ತಿದ್ದರು.

ಈ ಚಾಳಿ ಅಂಟಿದ್ದು ತೊಂಬತ್ತಾರರಲ್ಲಿ. ಆಗ ಅವಳು ಚೆನ್ನೈನ ಇನ್ನೊಂದು ತುದಿಯ ಮಣಲಿಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸುರಕ್ಷತಾ ಎಂಜಿನಿಯರು. ಎಂಟುನೂರು ಜನ ಕೆಲಸಗಾರರಿಗೆ ರಬ್ಬರ್ ಬೂಟು ಹಾಕಿಸುವುದು, ಹಾಕದವರನ್ನು ಗೇಟಿನಲ್ಲೇ ನಿಲ್ಲಿಸುವುದು ಅವಳ ಕೆಲಸ. ಇತ್ತ ಮನೆಯಲ್ಲಿ ಅವಳ ತಾಯಿ ಶಿವಗಂಗಮ್ಮ ವರ್ಷಗಟ್ಟಲೆಯಿಂದ ಮರದ ಮಣೆಯ ಮೇಲೆ ನಿಂತು ದೋಸೆಹಿಟ್ಟು ರುಬ್ಬುತ್ತಿದ್ದಳು. ಗ್ರೈಂಡರ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಮಣೆ ಇದ್ದರೆ ಅನ್ನುತ್ತಿರಲಿಲ್ಲ. ಒಂದು ದಿನ ಮಣೆ ತೊಳೆದು ಬಿಸಿಲಿಗಿಟ್ಟಿದ್ದಳು. ಬರಿಗಾಲು, ಒದ್ದೆ ನೆಲ. ಗ್ರೈಂಡರ್ ಅವಳನ್ನು ಗೋಡೆಗೆ ಎಸೆಯಿತು. ಮಣಿಕಟ್ಟು ಮುರಿಯಿತು, ಜೀವ ಉಳಿಯಿತು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಮಗಳಿಗೆ ಹೇಳಿದ್ದು ಒಂದೇ ಮಾತು. "ಎಂಟ್‌ನೂರ್ ಮಂದಿಗೆ ಬೂಟ್ ಹಾಕಸ್ತಿ. ನಿಮ್ಮವ್ವನ ಮಣಿ ಎಲ್ಲೈತಿ ಅಂತ ಒಂದಿನ ಕೇಳಿದ್ಯೇನ?"

ಮರುವರ್ಷ ಊರ್ಮಿಳಾ ಮಣಲಿ ಬಿಟ್ಟು, ಪೂರ್ವ ತಾಂಬರಂನ ಒಂದು ಸಣ್ಣ ವಿದ್ಯುತ್ ಸುರಕ್ಷತಾ ಸಂಶೋಧನಾ ಕೇಂದ್ರಕ್ಕೆ ಸೇರಿದಳು. ಎರಡು ವರ್ಷದಲ್ಲಿ ಅಲ್ಲಿನ ಅರ್ತಿಂಗ್ ತಂಡ ಅವಳ ಕೈಗೆ ಬಂತು.

ಅರ್ತಿಂಗ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಯಂತ್ರದ ಮೈಗೆ ಕರೆಂಟು ಸೋರಿದರೆ ಅದು ಮನುಷ್ಯನ ಮೂಲಕ ಹೋಗದೆ ತಂತಿ ಹಿಡಿದು ನೆಲಕ್ಕಿಳಿಯಬೇಕು. ಅದಕ್ಕೊಂದು ಗುಂಡಿ, ಗುಂಡಿಯಲ್ಲಿ ಒಂದು ಪೈಪು, ಸುತ್ತ ಇದ್ದಲು, ಉಪ್ಪು. ಮಣ್ಣು ಒದ್ದೆಯಿರುವಷ್ಟು ದಿನ ದಾರಿ ತೆರೆದಿರುತ್ತದೆ, ಒಣಗಿತೋ ಮುಚ್ಚಿತು. ಹಿಂದೆಲ್ಲ ಯಾರಾದರೂ ಬಕೆಟ್ ಹಿಡಿದು ಗುಂಡಿಗೆ ನೀರು ಹಾಕುತ್ತಿದ್ದರು. ಚೆನ್ನೈನ ಮೇ ತಿಂಗಳಲ್ಲಿ ಕುಡಿಯುವುದಕ್ಕೇ ನೀರಿಲ್ಲ, ಗುಂಡಿಗೆ ಹಾಕುವವರು ಯಾರು? ಅದಕ್ಕೇ ಊರ್ಮಿಳಾ ಒಂದು ಜೇಡಿಮಣ್ಣಿನ ಮಿಶ್ರಣ ಕಂಡುಹಿಡಿದಳು. ಮಳೆಗಾಲದಲ್ಲಿ ಕುಡಿದ ತೇವವನ್ನು ಅದು ಬೇಸಿಗೆ ಪೂರ್ತಿ ಹಿಡಿದಿಟ್ಟುಕೊಳ್ಳಬೇಕು. ಒಂದು ಹನಿ ನೀರೂ ಬೇಡ. ಅವಳ ಹೆಸರೆಲ್ಲ ನಿಂತಿದ್ದದ್ದು ಈ ಒಂದು ಮಾತಿನ ಮೇಲೆ.

ತೊಂಬತ್ತೊಂಬತ್ತರ ಕೊನೆಗೆ ಕೇಂದ್ರದ ಬಯಲಲ್ಲಿ ಆರು ಗುಂಡಿ ತೋಡಿಸಿದರು. ನಾಲ್ಕು ಗೇಟಿನ ಪಕ್ಕದಲ್ಲಿ, ಎರಡು ಹಿಂದೆ, ಏಳು ಮೆಟ್ಟಿಲು ಇಳಿದರೆ ಸಿಗುವ ತಗ್ಗಿನಲ್ಲಿ. ಮೊದಲ ಬೇಸಿಗೆ ಆರೂ ಗುಂಡಿಗಳ ರೀಡಿಂಗು, ಅಂದರೆ ಕರೆಂಟಿಗೆ ಮಣ್ಣು ಒಡ್ಡುವ ತಡೆ, ನಾಲ್ಕು ಓಮ್ ದಾಟಲಿಲ್ಲ. ಐದರೊಳಗಿದ್ದರೆ ಕ್ಷೇಮ. ಎರಡನೇ ಬೇಸಿಗೆಯಲ್ಲಿ ಮುಂದಿನ ನಾಲ್ಕು ಹಾಗೇ ಇದ್ದವು. ತಗ್ಗಿನ ಐದನೆಯದು ಹತ್ತೊಂಬತ್ತಕ್ಕೆ ಏರಿತು, ಆರನೆಯದು ಇಪ್ಪತ್ತೆರಡಕ್ಕೆ.

ರೀಡಿಂಗ್ ತೆಗೆಯುತ್ತಿದ್ದವನು ಶ್ರೀಕಾಂತ್. ಮೈಸೂರಿನ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಚೆನ್ನೈನ ಮಾಂಬಲಂನಲ್ಲಿ. ಅವನು ಮೀಟರು ಹಿಡಿದುಕೊಂಡೇ ತಲೆ ಕೆರೆದ. "ಮೇಡಂ, ಹೋದ್ ವರ್ಷ ಇವೆರಡೂ ನಲ್ಲಾ, ಚೆನ್ನಾಗೇ ಇತ್ತಲ್ಲ. ಒಂದೇ ವರ್ಷದಲ್ಲಿ ಇವಕ್ಕೇನಾಯ್ತು?"

"ಅಲ್ಲಿ ಹಳೆ ಕಾಂಪೌಂಡಿನ ಇಟ್ಟಿಗಿ ಕಲ್ಲು ತುಂಬ್ಯಾರ. ನೀರು ಸೋರಿ ಹೋಗಿರ್ತೈತಿ."

"ಅದು ಹೋದ್ ವರ್ಷಾನೂ ಇತ್ತಲ್ವಾ, ಮೇಡಂ?"

"ಶ್ರೀಕಾಂತ್, ಬಿಸಿಲು ಏರಾಕತ್ತೈತಿ. ಬರಕೋ, ನಡಿ."

ಅವನು ಬರೆದುಕೊಂಡ. ಮೂರನೇ ಬೇಸಿಗೆಯೂ ಅದೇ ಕಥೆ. ವರದಿ ಸಿದ್ಧವಾಗುವಾಗ ಊರ್ಮಿಳಾ ಐದು, ಆರರ ಎದುರು 'ಕಟ್ಟಡದ ಅವಶೇಷ ತುಂಬಿದ ಜಾಗ, ಗಣನೆಗಿಲ್ಲ' ಎಂದು ಬರೆದು ಎರಡೂ ಗುಂಡಿಗಳನ್ನು ಪಟ್ಟಿಯಿಂದ ತೆಗೆದಳು. ಕಾರಣ ಸುಳ್ಳಾಗಿರಲಿಲ್ಲ, ಅಲ್ಲಿ ಇಟ್ಟಿಗೆ ಇದ್ದದ್ದು ನಿಜ.

ಎರಡು ಸಾವಿರದ ಮೂರರ ಹೊತ್ತಿಗೆ ಶೋಳಿಂಗನಲ್ಲೂರ್‌ನಲ್ಲಿ ಐಟಿ ಪಾರ್ಕಿನವರಿಗೆಂದು ಆರುನೂರು ಫ್ಲಾಟುಗಳು ಏಳುತ್ತಿದ್ದವು. ಕಟ್ಟುವವರು ಅವಳ ಮಿಶ್ರಣವನ್ನೇ ಹಾಕುವುದಾಗಿ ಒಪ್ಪಿದ್ದರು. ಜೂನ್ ಹದಿನಾರಕ್ಕೆ ಅವಳು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಅದಾದ ಮೇಲೆ ಇಡೀ ಸುರಕ್ಷತಾ ವಿಭಾಗದ ಮುಖ್ಯಸ್ಥೆಯ ಕುರ್ಚಿ ಅವಳಿಗೇ ಎಂದು ಡೈರೆಕ್ಟರ್ ವೈದ್ಯಲಿಂಗಂ ಎಲ್ಲರೆದುರು ಹೇಳಿಬಿಟ್ಟಿದ್ದರು.

ಆ ವರ್ಷ ಊರಿಗೆ ಊರೇ ಲಾರಿ ನೀರಿಗೆ ಕೊಡ ಹಿಡಿದು ನಿಂತಿತ್ತು. ಜೂನ್ ಹದಿನಾಲ್ಕು, ಶನಿವಾರ. ಊರ್ಮಿಳಾ ತಿಂಡಿಗೆ ಕೂತಾಗ ಒಳಗಿನಿಂದ ಕೊಡ ಕುಕ್ಕಿದ ಸದ್ದಾಯಿತು.

"ಲಾರಿ ಬಂದ್ರ ತಳ್ಳಾಡಿ ನಾಕ್ ಕೊಡ ತರ್ತೀನಿ ನಾನು. ಮುಂಜಾನಿ ಎದ್ದು ನೋಡಿದ್ರ ಒಂದ್ ಕೊಡ ಕಡಿಮಿ. ನಿಮ್ಮಪ್ಪ ಕ್ಯಾನ್ ತುಂಬ್ಕೊಂಡು ಎಲ್ಲಿ ಒಯ್ತಾರ, ಕೇಳ್ ಇವತ್ತು" ಎಂದಳು ಶಿವಗಂಗಮ್ಮ.

ಅಪ್ಪ ಹಾಲಸಿದ್ದಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಿಪ್ಪಾಣಿ ಕಡೆಯವರು. ಮೂವತ್ತಾರು ವರ್ಷ ತಾಂಬರಂನ ಎಲೆಕ್ಟ್ರಿಕ್ ರೈಲು ಶೆಡ್ಡಿನಲ್ಲಿ ಕೆಲಸ ಮಾಡಿ ಫೋರ್‌ಮನ್ ಆಗಿ ನಿವೃತ್ತರಾದವರು. ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಕ್ಯಾನು.

"ಎಲ್ಲಿಗ್ ಹೋಗಿದ್ದಿ, ಅಪ್ಪ?"

"ವಾಕಿಂಗ್."

"ಕ್ಯಾನ್ ಹಿಡ್ಕೊಂಡಾ?"

"ಅಯ್ಯ, ಏನ್ ಪೊಲೀಸ್ ಸ್ಟೇಷನ್ನ ಇದು? ನಿಮ್ಮ ಆಫೀಸಿಗೇ ಹೋಗಿದ್ದೆ. ಅಲ್ಲಿ ಬೋರಿಂಗು ಬತ್ತೈತಿ. ಅದಕ್ಕ ಮನಿಯಿಂದ ಒಯ್ದೆ."

"ಯಾಕ?"

ಹಾಲಸಿದ್ದಪ್ಪ ಮಗಳನ್ನು ವಿಚಿತ್ರವಾಗಿ ನೋಡಿದರು. "ಅರ್ತಿಗೆ. ಮತ್ಯಾಕ? ಶೆಡ್ಡಿನ್ಯಾಗ ಹಾಜರಿ ಹಾಕೂದಕ್ಕಿಂತ ಮೊದಲು ಅರ್ತಿಗೆ ನೀರ್ ಹಾಕ್ತಿದ್ವಿ. ನಿನ್ನ ಗುಂಡಿ ನೋಡ್ದೆ, ಒಣಗಿ ನಿಂತಿದ್ವು. ಪಾಪ, ಹುಡುಗಿಗೆ ನೂರಾ ಎಂಟು ಕೆಲಸ, ಮರ್ತಾಳ ಅಂತ ನಾನೇ ಹಾಕ್ತೀನಿ. ವಾಚ್‌ಮ್ಯಾನ್ 'ವಾಂಗ ಅಪ್ಪಾ' ಅಂತ ಗೇಟ್ ತಗೀತಾನ."

ಊರ್ಮಿಳಾಳ ಕೈಯ ದೋಸೆ ಕೈಯಲ್ಲೇ ಉಳಿಯಿತು. "ಎಷ್ಟ್ ದಿನದಿಂದ?"

"ಗುಂಡಿ ತೋಡಿದಾಗಿಂದ."

"ಆರೂ ಗುಂಡಿಗೆ?"

"ಮೊದಲ್ನೇ ವರ್ಷ ಆರಕ್ಕೂ ಹಾಕ್ತಿದ್ದೆ. ಆಮ್ಯಾಲೆ ಮೊಣಕಾಲ್ ಹಿಡೀತಲ್ಲ. ತಗ್ಗಿನ್ಯಾಗಿನ ಎರಡಕ್ಕ ಮೆಟ್ಟಲಾ ಇಳಿಯಾಕ ಆಗೂದಿಲ್ಲ. ಅವನ್ನ ನೀವೇ ನೋಡ್ಕೋತೀರಿ ಅಂದ್ಕೊಂಡೆ." ಕ್ಯಾನನ್ನು ಬಾಗಿಲ ಪಕ್ಕ ಇಟ್ಟು ಕೇಳಿದರು. "ಯಾಕ, ಅವಕ್ಕ ಯಾರೂ ಹಾಕಿಲ್ಲೇನು?"

ಅವಳು ಅಪ್ಪನಿಗೆ ಬೈಯಲಿಲ್ಲ. ತಟ್ಟೆ ತೊಳೆಯದೆ ಎದ್ದು ಕೇಂದ್ರಕ್ಕೆ ನಡೆದಳು. ಮೊದಲನೇ ಗುಂಡಿಯ ಮುಚ್ಚಳ ತೆಗೆದಾಗ ಒಳಗೆ ಬೆಳಗಿನ ನೀರು ಇನ್ನೂ ಪೂರ್ತಿ ಇಂಗಿರಲಿಲ್ಲ. ಏಳು ಮೆಟ್ಟಿಲಿಳಿದು ಐದನೆಯದನ್ನು ತೆರೆದಳು. ಅವಳ ಮಿಶ್ರಣ ಒಣಗಿ ಪೈಪಿನಿಂದ ದೂರ ಸರಿದಿತ್ತು. ನಡುವೆ ಕಿರುಬೆರಳು ಹೋಗುವಷ್ಟು ಬಿರುಕು. ಮೂರು ವರ್ಷದಲ್ಲಿ ನಿಜ ಹೇಳಿದ್ದು ಇವೆರಡೇ ಗುಂಡಿಗಳು. ಅವನ್ನೇ ಅವಳು ಪಟ್ಟಿಯಿಂದ ಹೊರಗಿಟ್ಟಿದ್ದಳು.

ಸೋಮವಾರ ಸಹಿಯ ದಿನ. ವೈದ್ಯಲಿಂಗಂ ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮಿಳಿನಲ್ಲಿ ಶುರುವಾದ ಮಾತು ಇಂಗ್ಲಿಷಿಗೆ ಹಾರಿ ಮತ್ತೆ ತಮಿಳಿಗೇ ಬಂತು.

"ಎನ್ನಮ್ಮ ಊರ್ಮಿಳಾ? ಮೂರು ವರ್ಷದ ಕೆಲಸ, ಒಬ್ಬ ಪೆರಿಯವರ್, ವಯಸ್ಸಾದವರು, ನೀರು ಹಾಕಿದ್ರು ಅಂತ ಹೇಳಿದ್ರೆ ಯಾರಾದ್ರೂ ನಂಬ್ತಾರಾ? ನಗ್ತಾರೆ."

"ನಗ್ಲಿ, ಸಾರ್."

"ಫ್ಲಾಟಿನವರೂ ದಿನಾ ಒಂದಿಷ್ಟು ನೀರು ಹಾಕಲಿ ಅಂತ ಒಂದು ಸಾಲು ಸೇರಿಸಿಬಿಡು. ಮುಗೀತು."

"ಎಷ್ಟು ನೀರು ಅಂತ ಬರೀಲಿ, ಸಾರ್? ನಮ್ಮಪ್ಪಗೇ ಗೊತ್ತಿಲ್ಲ, ಎಷ್ಟ್ ಹಾಕಿದ್ರು ಅಂತ. ಮತ್ತ ಆ ಎರಡು ಗುಂಡಿ ತೆಗೆದದ್ದು ಅಪ್ಪ ಅಲ್ಲ. ನಾನು."

ಅವಳು ಸಹಿ ಹಾಕಲಿಲ್ಲ. ಕಟ್ಟುವವರು ಹಳೆಯ ಪದ್ಧತಿಯ ಗುಂಡಿಗಳನ್ನೇ ತೋಡಿಸಿಕೊಂಡರು. ವಿಭಾಗದ ಕುರ್ಚಿ ಬೇರೊಬ್ಬರಿಗೆ ಹೋಯಿತು. ಕ್ಯಾಂಟೀನಿನಲ್ಲಿ ಸ್ವಲ್ಪ ದಿನ ಯಾರ ಲೋಟ ಖಾಲಿಯಾದರೂ "ಅಪ್ಪಾವೆ ಕೂಪ್ಪಿಡು" ಅನ್ನುತ್ತಿದ್ದರು, ಅಪ್ಪನನ್ನು ಕರೆಯಿರಿ ಎಂದು. ಊರ್ಮಿಳಾ ಕಾಫಿ ಕುಡಿದು ಎದ್ದು ಬರುತ್ತಿದ್ದಳು.

ಆ ವರ್ಷದ ಮಳೆಗಾಲ ಶುರುವಾಗುವ ಮೊದಲೇ ಆರೂ ಗುಂಡಿಗಳನ್ನು ಬಗೆದು ಹೊಸ ಮಿಶ್ರಣ ತುಂಬಿಸಿದಳು. ಐದು ಮುಚ್ಚಳಗಳಿಗೆ ಬೀಗ ಬಿತ್ತು. ಮೂರನೆಯದಕ್ಕೆ ಹಾಕಲಿಲ್ಲ. ಅದರ ಪಕ್ಕ ಒಂದು ಅಳತೆಯ ಕ್ಯಾನು, ದಾರ ಕಟ್ಟಿದ ನೋಟ್‌ಬುಕ್ಕು.

"ಅಪ್ಪ, ಇದೊಂದು ನಿಂದು. ದಿನಾ ಎರಡು ಲೀಟರ್. ಹೆಚ್ಚಿಲ್ಲ, ಕಡಿಮಿಲ್ಲ. ಹಾಕಿ ಬರದಿಡು. ಉಳದದ್ದಕ್ಕ ಒಂದ್ ಹನಿ ಬಿದ್ದಿದ್ದು ಗೊತ್ತಾತಂದ್ರ ವಾಚ್‌ಮ್ಯಾನ್‌ಗ ಹೇಳಿ ಗೇಟ್ ಬಂದ್ ಮಾಡಸ್ತೀನಿ."

"ಪಗಾರ?"

"ಕಾಫಿ."

"ಫೋರ್‌ಮನ್‌ಗ ಎರಡ್ ಕಾಫಿ" ಎಂದರು ಹಾಲಸಿದ್ದಪ್ಪ.

ಮೂರು ಬೇಸಿಗೆ ಹೀಗೇ ಕಳೆಯಿತು. ಬೀಗ ಹಾಕಿದ ಐದೂ ಗುಂಡಿಗಳು ಮೇ ತಿಂಗಳಲ್ಲಿ ಐದು ಓಮ್ ದಾಟಿಯೇ ದಾಟಿದವು. ಮೂರನೆಯದು, ಕೆಲವು ದಿನ ಬಿಟ್ಟರೆ, ದಾಟಲಿಲ್ಲ. ನೀರೇ ಬೇಡದ ಗುಂಡಿ ಅವಳಿಗೆ ಸಿಗಲಿಲ್ಲ. ಎಷ್ಟು ನೀರು ಬೇಕೆಂಬ ಲೆಕ್ಕ ಸಿಕ್ಕಿತು. ಎರಡು ಸಾವಿರದ ಆರರ ವರದಿಯಲ್ಲಿ ಅವಳು ಅದನ್ನೇ ಬರೆದಳು: ಗುಂಡಿಗೊಂದು ನೀರಿನ ಕೊಳವೆ ಇರಲಿ, ಜೊತೆಗೆ ಕರೆಂಟು ಸೋರಿದ ಕೂಡಲೇ ಲೈನು ಕತ್ತರಿಸುವ ಸ್ವಿಚ್ಚು ಪ್ರತಿ ಮನೆಯಲ್ಲೂ ಇರಲಿ, ಗುಂಡಿಯೊಂದನ್ನೇ ನಂಬಬೇಡಿ.

ವೈದ್ಯಲಿಂಗಂ ಕರಡಿನ ಗ್ರಾಫಿನ ಮೇಲೆ ಪೆನ್ಸಿಲ್ ಊರಿದರು. ಮೂರನೇ ಗುಂಡಿಯ ಗೆರೆ ಎರಡು ವರ್ಷ ನೆಟ್ಟಗೆ ಬಂದು, ಕೊನೆಯ ಮೇ ತಿಂಗಳಲ್ಲಿ ಒಂಬತ್ತು ದಿನ ಗುಡ್ಡದ ಹಾಗೆ ಎದ್ದು, ಮತ್ತೆ ಇಳಿದಿತ್ತು.

"ಇದೊಂದು ಅಸಹ್ಯವಾಗಿ ಕಾಣುತ್ತೆ. ಮೀಟರ್ ಕೆಟ್ಟಿತ್ತಾ? ತೆಗೆದುಬಿಡೋಣ್ವಾ?"

ಊರ್ಮಿಳಾ ನೋಟ್‌ಬುಕ್ಕಿನ ಆ ಪುಟ ತೆರೆದು ಅವರ ಮುಂದಿಟ್ಟಳು. ಒಂಬತ್ತು ದಿನವೂ ಅಪ್ಪನ ಅದೇ ದುಂಡಗಿನ ಅಕ್ಷರ. ಮನೆಯಲ್ಲಿ ಮಲಗಿ, ದಿನಾಂಕ ನೆನಪಿಟ್ಟುಕೊಂಡು, ಆಮೇಲೆ ಬಂದು ಬರೆದದ್ದು: 'ಇವತ್ತು ಹಾಕಿಲ್ಲ.'

ಅಕ್ಷರ ಕನ್ನಡದ್ದು. ವೈದ್ಯಲಿಂಗಂಗೆ ಓದಲಾಗಲಿಲ್ಲ. "ಏನಿದು?"

"ಅಪ್ಪಗ ಮೊಣಕಾಲ್ ನೋವು, ಸಾರ್. ತೆಗೀಬ್ಯಾಡ್ರಿ. ಅದು ಇರ್ಲಿ."