ಗೇಟು ದಾಟಿದರೆ ಹಿಂದಿ

ಮೊನ್ನೆ ಕಪಾಟಿನ ಮೂಲೆಗೆ ಸರಿದುಹೋಗಿದ್ದ ಡಬ್ಬಿಯೊಂದನ್ನು ತೆರೆದೆ. ಯಾವಾಗಲೋ ಊರಿಂದ ತಂದ ಗುರೆಳ್ಳು ಚಟ್ನಿಪುಡಿ, ಪೂರಾ ಕಮಟು ಹಿಡಿದಿತ್ತು. ಮೂಗು ಮುಚ್ಚಿಕೊಳ್ಳುವುದು ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ... ನಾಗಪುರದ ಸದರ್ ಬಡಾವಣೆಯ ಆ ಹಳೇ ಮನೆ, ಅದರ ಕತ್ತಲೆ ಮೆಟ್ಟಿಲು, ಕೆಳಗಿನ ಮನೆಯ ಕಾಕಾ, ಎಲ್ಲ ಒಟ್ಟಿಗೇ ಬಂದವು.

ಎಂಬತ್ತರ ದಶಕದ ಮಾತು. ನನ್ನ ಗಂಡ ಆರ್ಡ್‌ನೆನ್ಸ್ ಫ್ಯಾಕ್ಟರಿಯ ನೌಕರ. ಶಾರ್ಟ್‌ಹ್ಯಾಂಡ್ ಕಲಿತಿದ್ದ ನಾನು ಕೆಲಸ ಹುಡುಕುತ್ತಿದ್ದೆ. ಕಾಕಾ ಧಾರವಾಡದ ಕಡೆಯವರು, ಕಾರ್ಮಿಕ ನ್ಯಾಯಾಲಯದ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳಿಗ್ಗೆ ನೀರು ತುಂಬಲು ಇಳಿದರೆ ಸಾಕು, "ಏನವಾ, ಚಹಾ ಆತೇನು?" ಎನ್ನುತ್ತಿದ್ದರು. ನಾಗಪುರದಲ್ಲಿ ನನಗಿದ್ದ ತವರು ಅಷ್ಟೇ.

ಊರ ಹೊರಗೆ ದೊಡ್ಡದೊಂದು ವಿದ್ಯುತ್ ಸ್ಥಾವರ ಏಳುತ್ತಿತ್ತು. ಅದರ ಚಿಮಣಿ ಕಟ್ಟುವ ತಂಡದಲ್ಲಿದ್ದವರು ವಿಜಾಪುರದ ಕಡೆಯ ಕೂಲಿಗಳು. ಅಟ್ಟಣಿಗೆಗೆ ಬಿಗಿದ ಹಗ್ಗ ಹಾಳಾಗಿದೆ, ಮೇಲೆ ಹತ್ತುವುದಿಲ್ಲ ಎಂದು ಒಂದು ದಿನ ಅವರು ಕೆಲಸ ನಿಲ್ಲಿಸಿದರು. ಹೇಳದೆ ಕೇಳದೆ ಮುಷ್ಕರ ಹೂಡಿದರೆಂದು ಕಂಪನಿ ಇಡೀ ತಂಡವನ್ನು ತೆಗೆದುಹಾಕಿತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆಂದು ಎರಡೂ ಕಡೆಯವರು ಒಪ್ಪಿ ಕಾಕಾರನ್ನು ಮಧ್ಯಸ್ಥರನ್ನಾಗಿ ಮಾಡಿಕೊಂಡರು. ಅವರು ಹೇಳಿದ್ದೇ ಕೊನೆ. ನಡೆದದ್ದನ್ನು ಬರೆದುಕೊಳ್ಳಲು ನನ್ನನ್ನು ಕರೆದರು. ಪ್ರಶ್ನೆ ಒಂದೇ: ಹಗ್ಗ ಹಾಳಾಗಿದೆಯೆಂದು ಕೂಲಿಗಳು ಇಂಜಿನಿಯರಿಗೆ ಮೊದಲೇ ತಿಳಿಸಿದ್ದರೋ ಇಲ್ಲವೋ. ತಿಳಿಸಿದ್ದರೆ ಕೆಲಸ ವಾಪಸು ಸಿಗಬೇಕು. ಇಲ್ಲದಿದ್ದರೆ ಸೈಟಿನ ಗುಡಿಸಲು ಖಾಲಿ ಮಾಡಿ ಹೊರಡಬೇಕು.

ಮೊದಲ ದಿನವೇ ಕಂಪನಿಯ ವಕೀಲರು ನಗುತ್ತ ಒಂದು ಮಾತು ಬಿಟ್ಟರು: "ಸಾಹೇಬ್, ಯೇ ತೋ ಸಬ್ ಆಪ್ ಹೀ ಕೇ ಮುಲುಕ್ ಕೇ ಲೋಗ್ ಹೈಂ." ಇವರೆಲ್ಲ ನಿಮ್ಮದೇ ನಾಡಿನವರಲ್ಲವೇ, ಎಂದು. ಕಾಕಾ ನಗಲಿಲ್ಲ. ಆ ಮಾತು ಅವರ ಎದೆಗೆ ಮುಳ್ಳಾಗಿ ನಾಟಿತು. ಮರುದಿನದಿಂದ ಕೇಸು ಮುಗಿಯುವತನಕ ಮನೆಯಾಚೆ ಕನ್ನಡ ಬಂದ್. ಬಾಗಿಲಲ್ಲಿ "ಛತ್ರಿ ತಗೊಂಡೀಯೇನವಾ" ಎಂದವರು ಗೇಟು ದಾಟಿದೊಡನೆ ನನಗೂ "ಚಲಿಯೇ, ದೇರ್ ಹೋ ರಹೀ ಹೈ" ಎನ್ನುತ್ತಿದ್ದರು. ನಾನು ಗಂಡನ ಮುಂದೆ ಅದನ್ನು ಅಣಕಿಸಿ ತೋರಿಸಿ ನಗುತ್ತಿದ್ದೆ. ಕೂಲಿಗಳು "ನಮಸ್ಕಾರ್ರಿ ಯಪ್ಪಾ" ಎಂದರೆ ನೆಟ್ಟಗೆ ಮುಂದೆ ನೋಡಿಕೊಂಡು ಹೋಗಿಬಿಡುತ್ತಿದ್ದರು. ಹಗ್ಗ ಹೊರುತ್ತಿದ್ದ ಹೆಂಗಸೊಬ್ಬಳು ಒಮ್ಮೆ ಮನೆಗೇ ಬಂದು ಗುರೆಳ್ಳು ಚಟ್ನಿಯ ಗಂಟು ಮುಂದಿಟ್ಟಳು. ಕಾಕಾ ಒಳಗಿಂದ ಹೊರಬರಲಿಲ್ಲ. ಕೇಸು ಮುಗಿದ ಮೇಲೆ ತರಲಿ ಎಂದು ನನ್ನ ಕೈಲಿ ಹೇಳಿಸಿ ಕಳಿಸಿದರು.

ಇಂಜಿನಿಯರಿಗೆ ಹಿಂದಿನ ದಿನವೇ ಹಗ್ಗ ತೋರಿಸಿ ಹೇಳಿದವಳು ಆ ಹೆಂಗಸೇ. ಇಂಜಿನಿಯರು ಇಲ್ಲವೆನ್ನುತ್ತಿದ್ದ, ಬೇರೆ ಸಾಕ್ಷಿ ಇರಲಿಲ್ಲ. ವಿಚಾರಣೆಗೆ ನಿಂತವಳು ಬಾಯಿ ತೆರೆದದ್ದೇ, "ನಾನ ಹೇಳೀನ್ರಿ ಯಪ್ಪಾ, ಹಿಂದಿನ ದಿನಾನ..." ಎಂದು ಶುರು ಮಾಡಿದಳು. ಕಾಕಾ ಕೈ ಎತ್ತಿ ತಡೆದರು. "ಹಿಂದೀ ಮೇ ಬೋಲಿಯೇ, ಬಾಯಿ."

ಆಕೆಗೆ ಹಿಂದಿ ಬರುತ್ತದೆಂದು ಕೂಲಿಗಳ ಪರವಾಗಿ ಬಂದಿದ್ದ ಯೂನಿಯನ್ನಿನ ಮರಾಠಿ ಮನುಷ್ಯನೇ ಹೇಳಿದ್ದ. ಬರುತ್ತಿತ್ತು, ಉಳ್ಳಾಗಡ್ಡಿ ಮೆಣಸಿನಕಾಯಿ ಕೊಳ್ಳುವಷ್ಟು. ಎರಡು ಮಾತಾಡುವಷ್ಟರಲ್ಲಿ ತಡವರಿಸಿ ನಿಂತಳು. ವಕೀಲರು ಎದ್ದು ಮೃದುವಾಗಿ ಕೇಳಿದರು, ಹಗ್ಗದ ವಿಷಯ ನೀನು ಯಾರಿಗೂ ಹೇಳಲಿಲ್ಲ, ಅಲ್ಲವೇ? "ಹಾಂ ಸಾಬ್" ಎಂದಳು. ಎಲ್ಲರೂ ಸುಮ್ಮನೆ ಕೆಲಸ ಬಿಟ್ಟು ಇಳಿದಿರಿ, ಹೌದೇ? "ಹಾಂ ಸಾಬ್." ಸೈಟಿನಲ್ಲಿ ದೊಡ್ಡವರು ಏನು ಕೇಳಿದರೂ ಹಾಗೆಂದೇ ದಿನ ತೆಗೆದವಳು ಆಕೆ. ನಾನು ಪೆನ್ಸಿಲ್ ಎತ್ತಿ ಕಾಕಾರ ಮುಖ ನೋಡಿದೆ. ಅವರು ಮೇಜು ನೋಡುತ್ತಲೇ "ಲಿಖಿಯೇ" ಎಂದರು, ಬರೆದುಕೊಳ್ಳಿ ಎಂದು.

ಸಂಜೆ ನನಗೆ ತಡೆಯಲಾಗಲಿಲ್ಲ. "ಆಕಿ ಮೊದ್ಲ ಅಂದಿದ್ದು ನಿಮಗ ತಿಳೀತಲ್ರಿ ಕಾಕಾ?"

"ತಿಳೀತವಾ. ನನಗ ತಿಳಿದದ್ದು ಬ್ಯಾರೆ, ಎಲ್ಲಾರ ಮುಂದ ಬಂದದ್ದು ಬ್ಯಾರೆ."

ದುಭಾಷಿಯನ್ನಾದರೂ ಕರೆಸಬಹುದಿತ್ತಲ್ಲ ಎಂದೆ. ಅಂಥ ಪ್ರಾಮಾಣಿಕತೆಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಮೆಟ್ಟಿಲು ಹತ್ತಿದೆ. ತೀರ್ಪು ಕೂಲಿಗಳ ವಿರುದ್ಧ ಹೋಯಿತು.

ಗುಡಿಸಲು ಕಿತ್ತು ಹೊರಡುವ ದಿನ ಆಕೆ ಮತ್ತೆ ಬಂದಳು, ಅದೇ ಗಂಟು ಹಿಡಿದು. ನಾನು ಮೆಟ್ಟಿಲ ಮೇಲಿದ್ದೆ.

"ಮುಗೀತಲ್ರಿ ಯಪ್ಪಾ. ಈಗರ ತಗೋರ್ರಿ."

ಕಾಕಾ ಎರಡೂ ಕೈ ಚಾಚಿ ಇಸಿದುಕೊಂಡರು. ಎಷ್ಟೋ ದಿನ ಕಟ್ಟಿಟ್ಟ ಕನ್ನಡ ಆಗ ಹೊರಬಿತ್ತು. "ಯಾವೂರವಾ ನಿಂದು?"

ಆಕೆ ಸೆರಗು ಸರಿಮಾಡಿಕೊಂಡು ಅವರ ಮುಖವನ್ನೇ ನೋಡಿದಳು. "ಅವತ್ತೂ ನನಗ ಇದ ಮಾತ ಬರ್ತಿತ್ರಿ," ಎಂದಳು. ಅಷ್ಟೇ. ಗೇಟು ಎಳೆದುಕೊಂಡು ಹೋದಳು.

ಆ ಚಟ್ನಿಯನ್ನು ಕಾಕಾ ತಿನ್ನಲಿಲ್ಲ, ಎಸೆಯಲೂ ಇಲ್ಲ. ಗೂಡಿನಲ್ಲೇ ಕಮಟು ಹಿಡಿದು ಮೆಟ್ಟಿಲೆಲ್ಲ ವಾಸನೆ. ಎಸೀತೀನ್ರಿ ಎಂದರೆ "ಇರಲಿ ಬಿಡವಾ" ಎನ್ನುವರು. ಮತ್ತೆ ಯಾವ ಕೇಸಿಗೂ ಮಧ್ಯಸ್ಥರಾಗಲು ಒಪ್ಪಲಿಲ್ಲ. ಗೇಟಿನಾಚೆಯೂ ನನ್ನೊಡನೆ ಕನ್ನಡವನ್ನೇ ಆಡತೊಡಗಿದರು, ಸದರಿನ ಬೀದಿಯಲ್ಲಿ, ಬೇಕಾದದ್ದಕ್ಕಿಂತ ಗಟ್ಟಿಯಾಗಿ... ನನ್ನ ಸಿಟ್ಟು ಯಾವಾಗಲೋ ಇಳಿದಿತ್ತು. ಕೊನೆಗೆ ಹಾಸಿಗೆ ಹಿಡಿದಾಗಲೂ ಗಂಜಿ ಕೊಡಲು ಹೋದರೆ ಒಂದೇ ಕೇಳುವುದು: "ಆಕಿ ಯಾವೂರಾಕಿ ಇದ್ದಿರಬೇಕವಾ?"

"ಆಯೀ, ಫೇಕೂನ್ ದೇ ನಾ ತೇ," ಎಸೆದುಬಿಡಮ್ಮ ಅದನ್ನ ಎಂದು ಮರಾಠಿಯಲ್ಲಿ ಹೇಳಿದಳು ಮಗಳು, ಕೈಯಲ್ಲಿ ಡಬ್ಬಿ ಹಿಡಿದು ಕೂತ ನನ್ನನ್ನು ನೋಡಿ. ಅವಳಿಗೆ ಕನ್ನಡ ಅಷ್ಟಾಗಿ ಬಾರದು. ಚಟ್ನಿ ಚೆಲ್ಲಿ ಡಬ್ಬಿ ತಿಕ್ಕಿ ಬೋರಲು ಹಾಕಿದೆ. ಕಾಕಾ ಹೋಗಿ ಎಷ್ಟೋ ಕಾಲವಾಯಿತು. ಆಕೆ ಇದ್ದಾಳೋ ಇಲ್ಲವೋ... ಯಾವ ಊರಿನವಳೆಂದು ನನಗೂ ತಿಳಿಯಲಿಲ್ಲ.